ಮಾರ್ಬರ್ಗ್ ಸಂವಾದ ಮತ್ತು ಪ್ರಭುಭೋಜನದ ಪ್ರಶ್ನೆ: ಒಂದು ವಿಮರ್ಶೆ

೧

ಕನ್ನಡನಾಡಿನ ಕ್ರೈಸ್ತರಲ್ಲಿ ಒಂದೇ ಆಚರಣೆಗೆ ಭಿನ್ನವಾದ ಹೆಸರುಗಳು ರೂಢಿಯಲ್ಲಿವೆ. ರೋಮನ್ ಕ್ಯಾಥೊಲಿಕರು ಅದನ್ನು ಪರಮಪ್ರಸಾದವೆನ್ನುವರು. ಪ್ರಾಟೆಸ್ಟೆಂಟರು ಕರ್ತನ ಭೋಜನವೆಂದೋ ಪ್ರಭುಭೋಜನವೆಂದೋ ಕರೆಯುವರು. ಮೊದಲನೆಯ ಹೆಸರಿನಲ್ಲಿ ಕೊಡುವವನ ಅನುಗ್ರಹಕ್ಕೂ ಎರಡನೆಯದರಲ್ಲಿ ಕೂಡಿ ಉಣ್ಣುವ ಕ್ರಿಯೆಗೂ ಪ್ರಾಧಾನ್ಯವು ಬಂದಂತೆ ತೋರುತ್ತದೆ. ಶಿಲುಬೆಗೇರುವ ಮುನ್ನಿನ ರಾತ್ರಿ ಕ್ರಿಸ್ತನು ತನ್ನ ಶಿಷ್ಯರೊಡನೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಂಡುದೇ ಎರಡಕ್ಕೂ ಮೂಲ. ಆದರೆ ಆ ಊಟದ ಅರ್ಥವೇನು, ಅದನ್ನು ಆಚರಿಸುವ ಕ್ರಮವೇನು ಎಂಬ ವಿಷಯಗಳಲ್ಲಿ ಕ್ರೈಸ್ತಪ್ರಪಂಚವು ಶತಮಾನಗಳಿಂದ ಭಿನ್ನಾಭಿಪ್ರಾಯವನ್ನು ತಾಳಿದೆ. ಈ ಭಿನ್ನಾಭಿಪ್ರಾಯಗಳಲ್ಲಿ ಇತಿಹಾಸದ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತವಾದುದು ೧೫೨೯ನೆಯ ಅಕ್ಟೋಬರ್ ತಿಂಗಳಲ್ಲಿ ಜರ್ಮನಿಯ ಮಾರ್ಬರ್ಗ್ ಕೋಟೆಯಲ್ಲಿ ಮಾರ್ಟಿನ್ ಲೂಥರನಿಗೂ ಹುಲ್ಡ್ರಿಕ್ ಜ್ವಿಂಗ್ಲಿಗೂ ನಡೆದ ಸಂವಾದ.

ಪಠ್ಯಗ್ರಂಥಗಳಲ್ಲಿ ಈ ಸಂವಾದದ ವೃತ್ತಾಂತವು ಸಾಮಾನ್ಯವಾಗಿ ನಾಲ್ಕೈದು ವಾಕ್ಯಗಳಲ್ಲಿ ಮುಗಿಯುತ್ತದೆ. ಉಭಯ ಪಕ್ಷಗಳೂ ಹದಿನಾಲ್ಕು ಅಂಶಗಳಲ್ಲಿ ಒಪ್ಪಿದವು. ಹದಿನೈದನೆಯದಾದ ಪ್ರಭುಭೋಜನದ ಅಂಶದಲ್ಲಿ ಒಪ್ಪಲಿಲ್ಲ. ರೊಟ್ಟಿಯು ಕ್ರಿಸ್ತನ ಶರೀರವಾಗಿದೆಯೆಂದು ಲೂಥರನೂ ಶರೀರವನ್ನು ಸೂಚಿಸುತ್ತದೆಯೆಂದು ಜ್ವಿಂಗ್ಲಿಯೂ ಹಟಹಿಡಿದುದರಿಂದ, ಒಂದು ಕ್ರಿಯಾಪದದ ನಿಮಿತ್ತವಾಗಿ ಮತಸುಧಾರಣೆಯ ಚಳವಳಿಯು ಎರಡು ಹೋಳಾಯಿತು. ಇದೇ ಮಾತು ವರ್ಷವರ್ಷವೂ ಉತ್ತರಪತ್ರಿಕೆಗಳಲ್ಲಿ ಮರುಕಳಿಸುವುದನ್ನು ನಾವು ಕಂಡಿದ್ದೇವೆ. ನಾವೂ ಕೆಲವು ವರ್ಷ ಹೀಗೆಯೇ ಪಾಠ ಹೇಳಿದ್ದುಂಟು. ಆದರೆ ಸಂವಾದದ ಕೊನೆಯಲ್ಲಿ ಸಹಿಯಾದ ಪತ್ರವನ್ನು ಮೊದಲಿನಿಂದ ಕಡೆಯವರೆಗೆ ಓದಿದ ಮೇಲೆ ಈ ವಿವರಣೆಯು ನಮಗೆ ಸಮರ್ಪಕವಾಗಿ ಕಾಣಲಿಲ್ಲ.

ಪ್ರಭುಭೋಜನವನ್ನು ಕುರಿತ ವಿವಾದಗಳಲ್ಲಿ ಮೂರು ಬೇರೆಬೇರೆ ಪ್ರಶ್ನೆಗಳು ಅಡಗಿವೆಯೆಂದೂ, ಇತಿಹಾಸಕಾರರು ಅವುಗಳನ್ನು ಒಂದಾಗಿ ಕಲಸಿರುವರೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಸ್ವೀಕರಿಸುವ ವಸ್ತು ಏನು ಎಂಬುದು ಮೊದಲನೆಯ ಪ್ರಶ್ನೆ. ಅದನ್ನು ಹೇಗೆ ಸ್ವೀಕರಿಸಬೇಕೆಂಬುದು ಎರಡನೆಯದು. ಯಾರೊಡನೆ ಸ್ವೀಕರಿಸಬಹುದೆಂಬುದು ಮೂರನೆಯದು. ಮಾರ್ಬರ್ಗಿನಲ್ಲಿ ಚರ್ಚೆ ನಡೆದುದು ಮೊದಲನೆಯದರ ಮೇಲೆ. ಒಡಕನ್ನು ಸ್ಥಿರಗೊಳಿಸಿದುದು ಮೂರನೆಯದು. ಇದು ನಮ್ಮ ವಾದ.

೨

ಮೊದಲು ಆಧಾರಗಳ ಸ್ವರೂಪವನ್ನು ಪರಿಶೀಲಿಸಬೇಕು. ಸಂವಾದದ ಅಧಿಕೃತ ನಡಾವಳಿಯೆಂಬುದು ಇಲ್ಲ. ಅದರಲ್ಲಿ ಭಾಗವಹಿಸಿದವರು ಬರೆದಿಟ್ಟ ಟಿಪ್ಪಣಿಗಳೂ ಕಾಗದಗಳೂ ಮಾತ್ರ ಉಳಿದಿವೆ. ಸ್ಟ್ರಾಸ್‌ಬರ್ಗಿನ ಹೇಡಿಯೋ, ನ್ಯೂರೆಂಬರ್ಗಿನ ಒಸಿಯಾಂಡರ್ ಮೊದಲಾದವರ ವರದಿಗಳು ಇವುಗಳಲ್ಲಿ ಮುಖ್ಯವಾದುವು. ಒಬ್ಬೊಬ್ಬನೂ ತನ್ನ ಪಕ್ಷದ ಕಿವಿಯಿಂದ ಕೇಳಿರುವನು. ೧೯೨೯ರಲ್ಲಿ, ಸಂವಾದದ ನಾನೂರನೆಯ ವರ್ಷದಲ್ಲಿ, ಜರ್ಮನ್ ವಿದ್ವಾಂಸ ವಾಲ್ಟರ್ ಕೋಲರ್ ಈ ವರದಿಗಳನ್ನೆಲ್ಲ ಹೊಂದಿಸಿ ಮಾತಿಗೆ ಮಾತು ಕೂಡಿಸಿ ಇಡೀ ಸಂವಾದವನ್ನು ಪುನಾರಚಿಸಿದನು. ಆ ಶ್ರಮಕ್ಕೆ ಮುಂದಿನವರೆಲ್ಲರೂ ಋಣಿಗಳು. ಆದರೂ ಅಂಥ ಪುನಾರಚನೆಯನ್ನು ಓದುವಾಗ ಒಂದು ಅಪಾಯವುಂಟು. ಪರಸ್ಪರ ಹೊಂದದ ಹಲವು ವರದಿಗಳು ಒಂದೇ ಪ್ರವಾಹವಾಗಿ ಹರಿಯುವುದರಿಂದ ಓದುಗನು ನಾಟಕವನ್ನು ನೋಡುವವನಂತೆ ವಾಗ್ವಾದಕ್ಕೇ ಮನಸೋಲುವನು. ವಾಗ್ವಾದವು ನಿಂತ ಮೇಲೆ ಬರೆದ ಪತ್ರವು ಅವನಿಗೆ ಅನುಬಂಧದಂತೆ ಕಾಣುವುದು. ಕೋಲರ್ ತನ್ನ ಕೃತಿಯನ್ನು ಪುನಾರಚನೆಯ ಒಂದು ಪ್ರಯತ್ನವೆಂದೇ ಕರೆದಿದ್ದನು. ಅವನ ಈ ಎಚ್ಚರವನ್ನು ಅವನನ್ನು ಅನುಸರಿಸಿದವರು ಸದಾ ಉಳಿಸಿಕೊಂಡಿಲ್ಲ.

ಘಟನೆಗಳ ಕ್ರಮವು ಹೀಗಿದೆ. ೧೫೨೯ರ ಏಪ್ರಿಲ್ ತಿಂಗಳಲ್ಲಿ ಸ್ಪೈಯರ್ ನಗರದ ಸಾಮ್ರಾಜ್ಯಸಭೆಯಲ್ಲಿ ಸುಧಾರಣಾಪಕ್ಷದ ಅರಸರೂ ನಗರಗಳೂ ತಮ್ಮ ಪ್ರತಿಭಟನೆಯನ್ನು ಸಲ್ಲಿಸಿದರು. ಪ್ರಾಟೆಸ್ಟೆಂಟ್ ಎಂಬ ಹೆಸರು ಬಂದುದು ಇದರಿಂದಲೇ. ಚಕ್ರವರ್ತಿಯ ಕಡೆಯಿಂದ ಬರಬಹುದಾದ ವಿಪತ್ತನ್ನು ಕಂಡು ಹೆಸ್ಸೆಯ ಲ್ಯಾಂಡ್‌ಗ್ರೇವ್ ಫಿಲಿಪನು ಜರ್ಮನ್ ಮತ್ತು ಸ್ವಿಸ್ ಸುಧಾರಕರನ್ನು ಒಂದುಗೂಡಿಸಲು ತನ್ನ ಕೋಟೆಗೆ ಆಹ್ವಾನಿಸಿದನು. ಅಕ್ಟೋಬರ್ ೧ರಂದು ಲೂಥರನು ಇಕೊಲಂಪಾಡಿಯಸನೊಡನೆಯೂ, ಮೆಲಾಂಕ್ಟನನು ಜ್ವಿಂಗ್ಲಿಯೊಡನೆಯೂ ಖಾಸಗಿಯಾಗಿ ಮಾತನಾಡಿದರು. ೨ ಮತ್ತು ೩ರಂದು ಮುಖ್ಯ ಚರ್ಚೆ ನಡೆಯಿತು. ಕ್ರಿಸ್ತನು ರೊಟ್ಟಿಯನ್ನು ತನ್ನ ಶರೀರವೆಂದು ಕರೆದ ವಾಕ್ಯವನ್ನು ಲೂಥರನು ಸೀಮೆಸುಣ್ಣದಿಂದ ಮೇಜಿನ ಮೇಲೆ ಲ್ಯಾಟಿನ್ನಿನಲ್ಲಿ ಬರೆದು ಬಟ್ಟೆಯಿಂದ ಮುಚ್ಚಿಟ್ಟುದು, ಪ್ರಮಾಣವನ್ನು ಕೇಳಿದಾಗ ಆ ಬಟ್ಟೆಯನ್ನು ಎತ್ತಿ ತೋರಿಸಿದುದು ಎಲ್ಲರೂ ಬಲ್ಲ ಪ್ರಸಂಗ. ಅಷ್ಟರಲ್ಲಿ ಬೆವರುಜ್ವರದ ಸಾಂಕ್ರಾಮಿಕದ ಭೀತಿ ಹಬ್ಬಿತು. ೪ರಂದು ಲೂಥರನು ಸಿದ್ಧಪಡಿಸಿದ ಹದಿನೈದು ಅಂಶಗಳ ಪತ್ರಕ್ಕೆ ಹತ್ತು ಮಂದಿ ಸಹಿಮಾಡಿದರು.

೩

ಈಗ ಹದಿನೈದನೆಯ ಅಂಶದ ಪಾಠಕ್ಕೆ ಬರೋಣ. ಭಿನ್ನಮತದ ಅಂಶವೆಂದು ಪ್ರಸಿದ್ಧವಾದ ಇದರ ಬಹುಭಾಗವು ಒಮ್ಮತದ ಹೇಳಿಕೆಗಳಿಂದ ಕೂಡಿದೆಯೆಂಬುದನ್ನು ಗಮನಿಸಬೇಕು. ರೊಟ್ಟಿ ಮತ್ತು ದ್ರಾಕ್ಷಾರಸಗಳೆರಡನ್ನೂ ಎಲ್ಲರಿಗೂ ಕೊಡಬೇಕು. ಬಲಿಪೂಜೆಯು ಒಬ್ಬನು ಮತ್ತೊಬ್ಬನಿಗಾಗಿ, ಸತ್ತವನಿಗಾಗಲಿ ಬದುಕಿರುವವನಿಗಾಗಲಿ, ಕೃಪೆಯನ್ನು ಸಂಪಾದಿಸಿಕೊಡುವ ಕಾರ್ಯವಲ್ಲ. ಈ ಸಂಸ್ಕಾರವು ಕ್ರಿಸ್ತನ ನಿಜವಾದ ಶರೀರ ಮತ್ತು ರಕ್ತಗಳ ಸಂಸ್ಕಾರ. ಅವುಗಳನ್ನು ಆತ್ಮಿಕವಾಗಿ ಭುಜಿಸುವುದು ಪ್ರತಿಯೊಬ್ಬ ಕ್ರೈಸ್ತನಿಗೂ ಅತ್ಯಾವಶ್ಯಕ. ದುರ್ಬಲ ಮನಸ್ಸಾಕ್ಷಿಗಳನ್ನು ವಿಶ್ವಾಸದ ಕಡೆಗೆ ಪ್ರೇರಿಸಲು ದೇವರು ಇದನ್ನು ವಾಕ್ಯದಂತೆಯೇ ನೇಮಿಸಿರುವನು. ಹೀಗೆ ಐದು ವಿಷಯಗಳಲ್ಲಿ ಉಭಯರೂ ಒಪ್ಪಿದರು. ಆರನೆಯದೊಂದು ಮಾತ್ರ ಉಳಿಯಿತು: ಆ ಶರೀರ ಮತ್ತು ರಕ್ತಗಳು ರೊಟ್ಟಿ ಮತ್ತು ದ್ರಾಕ್ಷಾರಸಗಳಲ್ಲಿ ದೈಹಿಕವಾಗಿ ಇವೆಯೆ? ಇದರಲ್ಲಿ ಸದ್ಯಕ್ಕೆ ಒಮ್ಮತ ಸಾಧ್ಯವಾಗಲಿಲ್ಲವೆಂದು ಪತ್ರವು ಹೇಳುತ್ತದೆ. ಸದ್ಯಕ್ಕೆ ಎಂಬ ಮಾತು ಅಲಕ್ಷ್ಯಕ್ಕೆ ಅರ್ಹವಲ್ಲ. ಅನಂತರ, ಪ್ರತಿಯೊಬ್ಬನ ಮನಸ್ಸಾಕ್ಷಿಯು ಅವಕಾಶ ಕೊಡುವ ಮಟ್ಟಿಗೆ ಒಂದು ಪಕ್ಷವು ಮತ್ತೊಂದಕ್ಕೆ ಕ್ರೈಸ್ತಪ್ರೀತಿಯನ್ನು ತೋರಬೇಕೆಂದೂ, ಸರಿಯಾದ ತಿಳಿವಳಿಕೆಗಾಗಿ ಉಭಯರೂ ದೇವರನ್ನು ಪ್ರಾರ್ಥಿಸಬೇಕೆಂದೂ ಹೇಳಿ ಅಂಶವು ಮುಗಿಯುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಒಮ್ಮತವೆಂದು ಕಾಣುವುದು ಶಬ್ದದ ಒಮ್ಮತ ಮಾತ್ರವಲ್ಲವೆ? ಜ್ವಿಂಗ್ಲಿಯು ಈ ಅಂಶಗಳಿಗೆ ತನ್ನದೇ ಆದ ಟಿಪ್ಪಣಿಗಳನ್ನು ಬರೆದು ತನ್ನ ಮತಕ್ಕೆ ಹೊಂದುವಂತೆ ಅರ್ಥಮಾಡಿದನು. ಲೂಥರನೂ ಅದೇ ಪತ್ರವನ್ನು ತನ್ನ ಮತಕ್ಕೆ ಸಂದ ಜಯವೆಂದು ಭಾವಿಸಿದನು. ಆಕ್ಷೇಪವು ನ್ಯಾಯವಾದುದೇ. ಆದರೆ ಅದರಿಂದ ನಮ್ಮ ವಾದಕ್ಕೆ ಹಾನಿಯಿಲ್ಲ. ಒಂದೇ ಮಾತಿಗೆ ಎರಡು ಅರ್ಥಗಳನ್ನು ಇಟ್ಟುಕೊಂಡು ಐದು ವಿಷಯಗಳಿಗೆ ಸಹಿಹಾಕಬಲ್ಲವರು ಆರನೆಯದಕ್ಕೂ ಅಂಥ ಮಾತನ್ನು ಹುಡುಕಿಕೊಳ್ಳಲು ಏಕೆ ಆಗಲಿಲ್ಲವೆಂಬ ಪ್ರಶ್ನೆಯು ಇನ್ನೂ ಬಲವಾಗಿ ಏಳುವುದು.

ಹಾಗೆ ಹುಡುಕುವ ಯತ್ನವೂ ನಡೆದಿತ್ತು. ಸಂವಾದದ ಕೊನೆಯ ಹಂತದಲ್ಲಿ ಲೂಥರನ ಪಕ್ಷವು ಒಂದು ಸೂತ್ರವನ್ನು ಮುಂದಿಟ್ಟಿತು. ಕ್ರಿಸ್ತನ ಶರೀರ ಮತ್ತು ರಕ್ತಗಳು ಭೋಜನದಲ್ಲಿ ಸತ್ತ್ವರೂಪದಿಂದ ಇವೆ. ಆದರೆ ಗಾತ್ರ, ಗುಣ, ಸ್ಥಳಗಳ ಪರಿಮಿತಿಗೆ ಒಳಪಟ್ಟು ಇಲ್ಲ ಎಂಬುದು ಅದರ ಸಾರ. ಸ್ವಿಸ್ ಪಕ್ಷವು ಒಪ್ಪಲಿಲ್ಲ. ಊರಿನ ಜನರು ಇದನ್ನು ಹಳೆಯ ನಂಬಿಕೆಯೆಂದೇ ತಿಳಿದಾರೆಂಬ ಶಂಕೆ ಅವರಿಗಿತ್ತು. ಐದು ವರ್ಷಗಳ ತರುವಾಯ, ೧೫೩೪ರಲ್ಲಿ, ವುರ್ಟೆಂಬರ್ಗಿನ ಡ್ಯೂಕ್ ಉಲ್ರಿಕನು ತನ್ನ ರಾಜ್ಯವನ್ನು ಮರಳಿ ಪಡೆದು ಅಲ್ಲಿ ಮತಸುಧಾರಣೆಯನ್ನು ಕೈಗೊಂಡನು. ಅವನು ಮಾರ್ಬರ್ಗ್ ಸಂವಾದವನ್ನು ಕುಳಿತು ಕೇಳಿದವನು. ಆ ಕೆಲಸಕ್ಕೆ ಲೂಥರನ ಪಕ್ಷದ ಶ್ನೆಪ್ಫ್‌ನನ್ನೂ, ಸ್ವಿಸ್ ಪಕ್ಷಕ್ಕೆ ಸಮೀಪನಾದ ಬ್ಲಾರರ್‌ನನ್ನೂ ನೇಮಿಸಿದನು. ಇವರಿಬ್ಬರೂ ಸ್ಟುಟ್‌ಗಾರ್ಟಿನಲ್ಲಿ ಒಂದು ಒಪ್ಪಂದಕ್ಕೆ ಬಂದರು. ಆ ಒಪ್ಪಂದದ ಸೂತ್ರವು ಮಾರ್ಬರ್ಗಿನಲ್ಲಿ ತಿರಸ್ಕೃತವಾದ ಸೂತ್ರವೇ ಆಗಿತ್ತು. ಒಂದೇ ವಾಕ್ಯವು ಒಂದೆಡೆ ತಡೆಯೂ ಮತ್ತೊಂದೆಡೆ ಸೇತುವೆಯೂ ಆದುದರಿಂದ, ಫಲವನ್ನು ನಿರ್ಣಯಿಸಿದ ಕಾರಣವು ಆ ವಾಕ್ಯದಲ್ಲಿ ಮಾತ್ರವೇ ಇರಲಿಲ್ಲವೆಂದು ಊಹಿಸಬೇಕಾಗುತ್ತದೆ.

ಒಂದು ಕ್ರಿಯಾಪದಕ್ಕಾಗಿ ನಡೆದ ಕಲಹವೆಂಬ ಮಾತೂ ಪರೀಕ್ಷೆಗೆ ನಿಲ್ಲದು. ಜ್ವಿಂಗ್ಲಿಯು ಲಕ್ಷಣಾರ್ಥವನ್ನು ಆಗಿದೆ ಎಂಬ ಕ್ರಿಯಾಪದದಲ್ಲಿ ಕಂಡುದು ನಿಜ. ಆದರೆ ಅವನ ಸಹಚರನಾದ ಇಕೊಲಂಪಾಡಿಯಸನು ಅದನ್ನು ಶರೀರವೆಂಬ ನಾಮಪದದಲ್ಲಿ ಕಂಡನು. ಇವರಿಬ್ಬರಿಗಿಂತ ಮುಂಚೆ ಲೂಥರನನ್ನು ಎದುರಿಸಿದ ಕಾರ್ಲ್‌ಸ್ಟಾಟನು ಇದು ಎಂಬ ಸರ್ವನಾಮವನ್ನು ಹಿಡಿದು, ಕ್ರಿಸ್ತನು ಆ ಮಾತನ್ನಾಡುವಾಗ ರೊಟ್ಟಿಯನ್ನಲ್ಲ, ತನ್ನ ದೇಹವನ್ನೇ ತೋರಿಸಿದನೆಂದು ವಾದಿಸಿದನು. ಮೂವರು ಮೂರು ಪದಗಳಲ್ಲಿ ಒಂದೇ ನಿರ್ಣಯವನ್ನು ಕಂಡರೆಂದು ಲೂಥರನ ಕಡೆಯವರು ಪರಿಹಾಸ್ಯಮಾಡಿದರು. ಆದರೂ ಆ ಭೇದಕ್ಕಾಗಿ ಜ್ವಿಂಗ್ಲಿಯೂ ಇಕೊಲಂಪಾಡಿಯಸನೂ ಪರಸ್ಪರ ಪಂಕ್ತಿಯನ್ನು ತ್ಯಜಿಸಲಿಲ್ಲ. ವ್ಯಾಕರಣದ ಭೇದವು ತಾನಾಗಿಯೇ ಪಂಕ್ತಿಯ ಭೇದವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

೪

ಹಾಗಾದರೆ ಒಡಕು ಎಲ್ಲಿ ಸಂಭವಿಸಿತು? ಅಕ್ಟೋಬರ್ ೪ರಂದು ಲೂಥರನು ತನ್ನ ಪತ್ನಿಗೆ ಬರೆದ ಕಾಗದವು ಇದಕ್ಕೆ ಮುಖ್ಯ ಪ್ರಮಾಣ. ಸಂವಾದವು ಸ್ನೇಹದಿಂದ ಮುಗಿಯಿತೆಂದೂ, ಬಹುತೇಕ ಎಲ್ಲ ವಿಷಯಗಳಲ್ಲಿಯೂ ಒಮ್ಮತವಾಯಿತೆಂದೂ ಅವನು ಅದರಲ್ಲಿ ತಿಳಿಸುತ್ತಾನೆ. ಎದುರಾಳಿಗಳೊಡನೆ ಶಾಂತಿಯನ್ನೂ ಒಳಿತನ್ನೂ ತಾನು ಬಯಸುವುದಾಗಿಯೂ, ಸಹೋದರರೆಂದೂ ಒಂದೇ ದೇಹದ ಅಂಗಗಳೆಂದೂ ಅವರನ್ನು ಎಣಿಸಲು ಸಿದ್ಧನಿಲ್ಲವೆಂದೂ ಸ್ಪಷ್ಟಪಡಿಸುತ್ತಾನೆ. ಇತ್ತ ಜ್ವಿಂಗ್ಲಿಯು ಕಣ್ಣೀರು ತುಂಬಿಕೊಂಡು ಸಹೋದರತ್ವವನ್ನು ಬೇಡಿದನೆಂದು ವರದಿಗಳಿವೆ. ಬೂಟ್ಸರನಿಗೆ ಲೂಥರನು ಕೊಟ್ಟ ಉತ್ತರವು ನಿಮ್ಮ ಆತ್ಮವೂ ನಮ್ಮ ಆತ್ಮವೂ ಬೇರೆ ಎಂಬ ಭಾವದ್ದಾಗಿತ್ತು. ಪತ್ರದಲ್ಲಿ ಪ್ರೀತಿಯೆಂಬ ಶಬ್ದವಿರುವುದೂ ಸಹೋದರತ್ವವೆಂಬ ಶಬ್ದವಿಲ್ಲದಿರುವುದೂ ಆಕಸ್ಮಿಕವಲ್ಲ. ಶತ್ರುವಿಗೂ ಸಲ್ಲಬೇಕಾದ ಪ್ರೀತಿಯನ್ನು ಲೂಥರನು ಕೊಟ್ಟನು. ಒಂದೇ ಪಂಕ್ತಿಯವರಿಗೆ ಸಲ್ಲುವ ಸಂಬಂಧವನ್ನು ಕೊಡಲಿಲ್ಲ. ಕೋಟೆಯಲ್ಲಿ ಲ್ಯಾಂಡ್‌ಗ್ರೇವನ ಅತಿಥಿಗಳಾಗಿ ಉಭಯರೂ ಉಂಡರು. ಪ್ರಭುವಿನ ಮೇಜಿಗೆ ಮಾತ್ರ ಒಟ್ಟಾಗಿ ಹೋಗಲಾರದವರಾದರು.

ಲೂಥರನನ್ನು ಇದಕ್ಕಾಗಿ ಹಟಮಾರಿಯೆಂದು ಬೈಯುವುದು ಸುಲಭ. ಅರ್ಥಮಾಡಿಕೊಳ್ಳುವುದು ಇತಿಹಾಸಕಾರನ ಹೊಣೆ. ಲೂಥರನಿಗೆ ಈ ಭೋಜನವು ಮೊದಲು ವರ, ಆಮೇಲೆ ಕರ್ತವ್ಯ. ತನ್ನ ಪಾಪದಿಂದ ಕಳವಳಗೊಂಡ ಮನುಷ್ಯನಿಗೆ ದೇವರು ವಚನಕೊಟ್ಟು, ಕೈಯಲ್ಲಿ ಹಿಡಿಯಬಹುದಾದ, ಬಾಯಲ್ಲಿ ಇಡಬಹುದಾದ ಆಧಾರವನ್ನು ನೀಡಿದನೆಂಬುದೇ ಅವನ ಧೈರ್ಯ. ಆ ವಚನವನ್ನು ಲಕ್ಷಣಾರ್ಥದಿಂದ ಸಡಿಲಿಸಿದವನು, ಎಷ್ಟೇ ಸಜ್ಜನನಾಗಿರಲಿ, ಕಳವಳಗೊಂಡವನ ಆಧಾರವನ್ನು ಕಿತ್ತುಕೊಂಡಂತೆ. ಅಂಥವನೊಡನೆ ಒಮ್ಮತವಿದೆಯೆಂದು ನಟಿಸಿ ಒಂದೇ ಪಾತ್ರೆಯಲ್ಲಿ ಕುಡಿಯುವುದು ಅವನ ದೃಷ್ಟಿಯಲ್ಲಿ ಸುಳ್ಳಾಗುತ್ತಿತ್ತು. ಜ್ವಿಂಗ್ಲಿಗಾದರೋ ಈ ಭೋಜನವು ವಿಶ್ವಾಸಿಗಳ ಸಮುದಾಯವು ಕೃತಜ್ಞತೆಯಿಂದ ಮಾಡುವ ಸ್ಮರಣೆಯೂ ಬಹಿರಂಗ ಪ್ರತಿಜ್ಞೆಯೂ ಆಗಿತ್ತು. ಒಬ್ಬನೇ ಒಡೆಯನಿಗೆ ಪ್ರತಿಜ್ಞೆಮಾಡಿದವರು, ಆ ಒಡೆಯನು ಅಲ್ಲಿ ಯಾವ ರೀತಿಯಿಂದ ಇರುವನೆಂಬುದರಲ್ಲಿ ಭಿನ್ನರಾದರೂ, ಸಹೋದರರಾಗಬಹುದು. ಆದುದರಿಂದ ಇವರ ಭೇದವು ರೊಟ್ಟಿಯನ್ನು ಕುರಿತ ಭೇದಕ್ಕಿಂತ ಆಳವಾದುದು. ಒಂದೇ ಮೇಜಿಗೆ ಬರುವವರಿಗೆ ಒಂದೇ ಸಿದ್ಧಾಂತವಿರಬೇಕೆ ಎಂಬ ಪ್ರಶ್ನೆಗೆ ಒಬ್ಬನು ಹೌದೆಂದನು, ಮತ್ತೊಬ್ಬನು ಅಲ್ಲವೆಂದನು. ಈ ಪ್ರಶ್ನೆಯನ್ನು ಸಂವಾದದ ವಿಷಯವಾಗಿ ಯಾರೂ ಮುಂದಿಡಲಿಲ್ಲ. ಆದುದರಿಂದ ಅದು ಚರ್ಚೆಯಾಗದೆಯೇ ತೀರ್ಮಾನವಾಯಿತು.

ಈ ಪ್ರಸಂಗಕ್ಕೆ ರಾಜಕೀಯ ಕಾರಣಗಳನ್ನೇ ಪ್ರಧಾನವಾಗಿ ಹೇಳುವ ವಿದ್ವಾಂಸರೂ ಇದ್ದಾರೆ. ಫಿಲಿಪನಿಗೆ ಸೈನಿಕ ಮೈತ್ರಿಯು ಬೇಕಾಗಿತ್ತು. ಚಕ್ರವರ್ತಿಯ ವಿರುದ್ಧ ಶಸ್ತ್ರಹಿಡಿಯಲು ಲೂಥರನು ಹಿಂಜರಿಯುತ್ತಿದ್ದನು. ಇದು ಸತ್ಯವೇ. ಆದರೆ ಮೈತ್ರಿಯನ್ನು ಒಲ್ಲದವನು ರಾಜಕೀಯ ಕಾರಣಗಳನ್ನು ಕೊಟ್ಟು ಮೈತ್ರಿಯನ್ನು ಮಾತ್ರ ನಿರಾಕರಿಸಬಹುದಾಗಿತ್ತು. ಸಹೋದರತ್ವವನ್ನೇ ನಿರಾಕರಿಸಿದುದಕ್ಕೆ ರಾಜಕೀಯದ ವಿವರಣೆ ಸಾಲದು.

೫

ಆಚರಣೆಯ ಸಂಗತಿಯನ್ನು ಪಠ್ಯಗ್ರಂಥಗಳು ಪ್ರಾಯಶಃ ಬಿಟ್ಟೇಬಿಡುತ್ತವೆ. ೧೫೨೫ರ ಏಪ್ರಿಲ್ ತಿಂಗಳಲ್ಲಿ ಜ್ಯೂರಿಕ್ ನಗರದಲ್ಲಿ ಬಲಿಪೂಜೆಯು ನಿಂತು ಹೊಸ ಕ್ರಮವು ಪ್ರಾರಂಭವಾಯಿತು. ಬೆಳ್ಳಿ ಬಂಗಾರಗಳ ಪಾತ್ರೆಗಳಿಗೆ ಬದಲಾಗಿ ಮರದ ತಟ್ಟೆಗಳೂ ಬಟ್ಟಲುಗಳೂ ಬಂದವು. ಜನರು ಕುಳಿತಲ್ಲಿಯೇ ಕುಳಿತು ರೊಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ ತಾವೇ ಮುರಿದು ತಿಂದರು. ವರ್ಷಕ್ಕೆ ನಾಲ್ಕು ಸಲ ಈ ಆಚರಣೆ ನಡೆಯಬೇಕೆಂದು ನಿಯಮವಾಯಿತು. ವಿಟೆನ್‌ಬರ್ಗಿನಲ್ಲಾದರೋ ಲೂಥರನು ಬಲಿಯ ಭಾವನೆಯನ್ನು ತೆಗೆದುಹಾಕಿ ಹಳೆಯ ಪೂಜಾಕ್ರಮದ ಬಹುಭಾಗವನ್ನು ಉಳಿಸಿಕೊಂಡನು. ಬೋಧಕನು ರೊಟ್ಟಿಯನ್ನು ಮೇಲಕ್ಕೆತ್ತಿ ತೋರಿಸುವ ಪದ್ಧತಿಯು ಅಲ್ಲಿ ೧೫೪೨ರವರೆಗೂ ನಡೆದುಬಂದಿತು. ಒಂದೆಡೆ ಮೇಲಿನಿಂದ ಇಳಿದುಬರುವ ವರವನ್ನು ಪಡೆಯುವ ಭಂಗಿ. ಮತ್ತೊಂದೆಡೆ ಸಮಾನರು ಒಬ್ಬರಿಂದೊಬ್ಬರು ಪಡೆದು ಉಣ್ಣುವ ಭಂಗಿ. ಜ್ಯೂರಿಕ್ಕಿನ ರೈತನಿಗೂ ವಿಟೆನ್‌ಬರ್ಗಿನ ಕುಶಲಕರ್ಮಿಗೂ ಸಿದ್ಧಾಂತವು ತಿಳಿದುದು ಲ್ಯಾಟಿನ್ ಗ್ರಂಥಗಳಿಂದಲ್ಲ, ಈ ಭಂಗಿಗಳಿಂದ.

ಹಾಗೆಂದು ಸಿದ್ಧಾಂತಕ್ಕೂ ಆಚರಣೆಗೂ ನೇರವಾದ ಗಂಟು ಹಾಕಬಾರದು. ಮೇಲೆ ಹೇಳಿದ ವುರ್ಟೆಂಬರ್ಗಿನಲ್ಲಿ ಸಿದ್ಧಾಂತವು ಲೂಥರನದಾಗಿ ಸ್ಥಿರಗೊಂಡರೂ ಪೂಜಾಕ್ರಮವು ಸರಳವಾಗಿ, ಬೋಧನೆಯೇ ಪ್ರಧಾನವಾಗಿ, ವಿಟೆನ್‌ಬರ್ಗಿಗಿಂತ ಸ್ವಿಸ್ ಮಾದರಿಗೆ ಸಮೀಪವಾಗಿಯೇ ಉಳಿಯಿತು. ಏನು ಎಂಬ ಪ್ರಶ್ನೆಯೂ ಹೇಗೆ ಎಂಬ ಪ್ರಶ್ನೆಯೂ ಒಂದನ್ನೊಂದು ಬಿಟ್ಟು ಚಲಿಸಬಲ್ಲವು.

ಇದಕ್ಕೆ ಮತ್ತೂ ತೀಕ್ಷ್ಣವಾದ ನಿದರ್ಶನವು ಮಾರ್ಬರ್ಗಿಗಿಂತ ನೂರು ವರ್ಷ ಹಿಂದಿನ ಬೊಹೀಮಿಯದಲ್ಲಿ ದೊರೆಯುತ್ತದೆ. ಮಧ್ಯಯುಗದ ಪಶ್ಚಿಮ ಯೂರೋಪಿನಲ್ಲಿ ಗೃಹಸ್ಥರಿಗೆ ರೊಟ್ಟಿಯನ್ನು ಮಾತ್ರ ಕೊಟ್ಟು ದ್ರಾಕ್ಷಾರಸವನ್ನು ಯಾಜಕನೇ ಸೇವಿಸುವ ಪದ್ಧತಿ ಬೆಳೆದಿತ್ತು. ಬೊಹೀಮಿಯದ ಸುಧಾರಕರು ಪಾತ್ರೆಯೂ ಗೃಹಸ್ಥರಿಗೆ ಸಲ್ಲಬೇಕೆಂದರು. ೧೪೧೫ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆಯು ಅದನ್ನು ನಿಷೇಧಿಸಿತು. ಅದೇ ವರ್ಷ ಜುಲೈ ೬ರಂದು ಯಾನ್ ಹುಸ್ಸನು ಸಜೀವವಾಗಿ ದಹಿಸಲ್ಪಟ್ಟನು. ಅನಂತರದ ಯುದ್ಧಗಳಲ್ಲಿ ಪಾನಪಾತ್ರೆಯೇ ಬೊಹೀಮಿಯದವರ ಲಾಂಛನವಾಯಿತು. ಇವರಲ್ಲಿ ಸೌಮ್ಯಪಕ್ಷದವರು ರೊಟ್ಟಿಯು ಕ್ರಿಸ್ತನ ಶರೀರವಾಗಿ ಮಾರ್ಪಡುವುದೆಂಬ ರೋಮಿನ ಸಿದ್ಧಾಂತವನ್ನು ಅಲ್ಲಗಳೆದವರಲ್ಲ. ಏನು ಎಂಬುದರಲ್ಲಿ ಒಮ್ಮತವಿದ್ದೂ ಹೇಗೆ ಎಂಬುದಕ್ಕಾಗಿ ರಕ್ತವು ಹರಿಯಿತು. ೧೪೩೬ರಲ್ಲಿ ಬಾಸೆಲ್ ಮಹಾಸಭೆಯೊಡನೆ ಆದ ಒಪ್ಪಂದದಿಂದ ಅವರಿಗೆ ಪಾತ್ರೆಯು ದೊರಕಿತು. ರೋಮನ್ ಸಭೆಯು ೧೯೬೩ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ಮೂಲಕ ಕೆಲವು ಸಂದರ್ಭಗಳಲ್ಲಿ ಗೃಹಸ್ಥರಿಗೂ ಎರಡನ್ನೂ ಕೊಡಲು ಅನುಮತಿಯನ್ನಿತ್ತಿತು. ಆ ಅನುಮತಿಗಾಗಿ ಸಿದ್ಧಾಂತದ ಒಂದಕ್ಷರವನ್ನೂ ಬದಲಾಯಿಸಬೇಕಾಗಲಿಲ್ಲ.

೬

ಮೂರನೆಯ ಪ್ರಶ್ನೆಯ ಮುಂದಿನ ಇತಿಹಾಸವನ್ನು ಅನುಸರಿಸಿದರೆ ಅದು ನಮ್ಮ ನಾಡಿನವರೆಗೂ ಬರುತ್ತದೆ. ಮಾರ್ಬರ್ಗ್ ಪತ್ರಕ್ಕೆ ಸಹಿಮಾಡಿದ ಹತ್ತು ಮಂದಿಯಲ್ಲಿ ಇಬ್ಬರನ್ನು ಇಲ್ಲಿ ನೆನೆಯಬೇಕು. ಒಬ್ಬನು ಬಾಸೆಲ್ ನಗರದ ಸುಧಾರಕನಾದ ಇಕೊಲಂಪಾಡಿಯಸ್. ಅವನು ಜ್ವಿಂಗ್ಲಿಯ ಪಕ್ಷದವನು. ಮತ್ತೊಬ್ಬನು ಮುಂದೆ ವುರ್ಟೆಂಬರ್ಗಿನ ಸಭೆಯನ್ನು ವ್ಯವಸ್ಥೆಗೊಳಿಸಿದ ಯೊಹಾನ್ ಬ್ರೆಂಟ್ಸ್. ಅವನು ಲೂಥರನ ಪಕ್ಷದವನು. ಬ್ರೆಂಟ್ಸನು ಹೈಡೆಲ್‌ಬರ್ಗಿನಲ್ಲಿ ಇಕೊಲಂಪಾಡಿಯಸನ ಪಾಠವನ್ನು ಕೇಳಿದ ಶಿಷ್ಯ. ೧೫೨೫ರಲ್ಲಿ ಗುರುವು ಪ್ರಭುಭೋಜನವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದಾಗ ಶಿಷ್ಯನೇ ಅದಕ್ಕೆ ಖಂಡನೆಯನ್ನು ಬರೆದನು. ಮಾರ್ಬರ್ಗಿನಲ್ಲಿ ಇಬ್ಬರೂ ಎದುರುಬದುರಾಗಿ ಕುಳಿತರು.

ಈ ಇಬ್ಬರ ಸಭೆಗಳು ಸುಮಾರು ಮುನ್ನೂರು ವರ್ಷಗಳ ತರುವಾಯ ಒಂದೇ ಕಾರ್ಯದಲ್ಲಿ ಕೂಡಿದವು. ೧೮೧೫ರಲ್ಲಿ ಬಾಸೆಲ್ಲಿನಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ ಸಂಸ್ಥೆಗೆ ಆ ನಗರದ ಸುಧಾರಿತ ಸಭೆಯವರು ಆಶ್ರಯವಿತ್ತರು. ಅದರ ಮಿಶನರಿಗಳಲ್ಲಿ ಬಹುಮಂದಿ ವುರ್ಟೆಂಬರ್ಗಿನ ಲೂಥರನ್ ಸಭೆಯಿಂದ ಬಂದವರು. ೧೮೩೪ರಲ್ಲಿ ಅದರ ಮೊದಲ ಮೂವರು ಮಿಶನರಿಗಳು ಮಂಗಳೂರಿಗೆ ಬಂದರು. ೧೮೩೬ರಲ್ಲಿ ಬಂದು ೧೮೪೩ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆಯನ್ನು ಆರಂಭಿಸಿದ ಹೆರ್ಮನ್ ಮೋಗ್ಲಿಂಗರು ವುರ್ಟೆಂಬರ್ಗಿನವರೇ. ಕನ್ನಡ ಸಾಹಿತ್ಯಕ್ಕೆ ಈ ಸಂಸ್ಥೆಯಿಂದಾದ ಸೇವೆಯನ್ನು ನಮ್ಮ ವಿದ್ವಾಂಸರು ವಿಸ್ತಾರವಾಗಿ ಬರೆದಿದ್ದಾರೆ. ಮಾರ್ಬರ್ಗಿನಲ್ಲಿ ಎದುರುಬದುರಾದ ಎರಡು ಪರಂಪರೆಗಳು ಇದರಲ್ಲಿ ಒಂದಾಗಿ ದುಡಿದುವೆಂಬ ಸಂಗತಿಯು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಒಂದರ ಸಿದ್ಧಾಂತವು ಮತ್ತೊಂದನ್ನು ಗೆದ್ದುದರಿಂದ ಈ ಐಕ್ಯ ಬರಲಿಲ್ಲ. ಸಿದ್ಧಾಂತದ ಭೇದವು ಸಹಕಾರ್ಯಕ್ಕೆ ಅಡ್ಡಿಯಲ್ಲವೆಂದು ತಿಳಿದುದರಿಂದ ಬಂದಿತು.

ಇದೇ ಕಾಲದಲ್ಲಿ ಅಧಿಕಾರಬಲದಿಂದ ನಡೆದ ಒಂದು ಯತ್ನವನ್ನು ಹೋಲಿಸಿ ನೋಡಬೇಕು. ಪ್ರಷ್ಯದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಮನು ಸುಧಾರಿತ ಸಭೆಯವನು. ಅವನ ರಾಣಿ ಲೂಯಿಸೆಯು ಲೂಥರನ್ ಸಭೆಯವಳು. ದಂಪತಿಗಳಿಗೆ ಕೂಡಿ ಪ್ರಭುಭೋಜನವನ್ನು ಸ್ವೀಕರಿಸುವ ಅವಕಾಶವಿರಲಿಲ್ಲ. ರಾಣಿಯು ತೀರಿಕೊಂಡ ಏಳು ವರ್ಷಗಳ ಮೇಲೆ, ೧೮೧೭ರ ಅಕ್ಟೋಬರ್ ೩೧ರಂದು, ಮತಸುಧಾರಣೆಯ ಮುನ್ನೂರನೆಯ ವಾರ್ಷಿಕದ ದಿನ, ದೊರೆಯು ಪಾಟ್ಸ್‌ಡಾಮಿನಲ್ಲಿ ಉಭಯ ಸಭೆಗಳನ್ನೂ ಒಂದೇ ಭೋಜನಕ್ಕೆ ಕೂಡಿಸಿದನು. ಸ್ವಇಚ್ಛೆಯಿಂದ ಆರಂಭವಾದ ಈ ಐಕ್ಯಕ್ಕೆ ಅವನು ಮುಂದೆ ಒಂದೇ ಪೂಜಾಕ್ರಮವನ್ನು ರಾಜಾಜ್ಞೆಯಿಂದ ಹೊರಿಸಲು ಹೊರಟಾಗ, ಹಳೆಯ ಲೂಥರನ್ನರೆಂದು ಹೆಸರಾದವರು ಬೇರ್ಪಟ್ಟರು. ಅವರಲ್ಲಿ ಹಲವರು ದೇಶವನ್ನೇ ಬಿಟ್ಟು ಆಸ್ಟ್ರೇಲಿಯ, ಅಮೆರಿಕಗಳಿಗೆ ಹೋದರು. ಒಂದೇ ಪಂಕ್ತಿಯಲ್ಲಿ ಕೂರಿಸಲು ಬಲಾತ್ಕರಿಸಿದಾಗ ಹೊಸ ಪಂಕ್ತಿಭೇದವೇ ಹುಟ್ಟಿತು. ಮಾರ್ಬರ್ಗ್ ಪತ್ರದ ಮನಸ್ಸಾಕ್ಷಿಯ ಮಾತನ್ನು ಬರಿಯ ಹಟದ ಸೋಗೆಂದು ತಳ್ಳಿಹಾಕುವವರು ಈ ಪ್ರಸಂಗವನ್ನು ಮರೆಯಬಾರದು.

ಭಾರತದಲ್ಲಿ ಯಾರೊಡನೆ ಎಂಬ ಪ್ರಶ್ನೆಯು ಸಿದ್ಧಾಂತದ ಸಂಬಂಧವೇ ಇಲ್ಲದ ಇನ್ನೊಂದು ರೂಪವನ್ನೂ ತಾಳಿತು. ತಂಜಾವೂರು, ಮದರಾಸು ಪ್ರಾಂತಗಳ ಕೆಲವು ಸಭೆಗಳಲ್ಲಿ ಜಾತಿಯ ಪ್ರಕಾರ ಕೂರುವುದೂ, ಪ್ರಭುಭೋಜನಕ್ಕೆ ಜಾತಿಯ ಅನುಕ್ರಮದಿಂದ ಬರುವುದೂ ರೂಢಿಯಾಗಿತ್ತು. ೧೮೩೩ರಲ್ಲಿ ಕಲ್ಕತ್ತೆಯ ಬಿಷಪ್ ಡ್ಯಾನಿಯಲ್ ವಿಲ್ಸನ್ನರು ಇದನ್ನು ತ್ಯಜಿಸಬೇಕೆಂದು ಪತ್ರ ಹೊರಡಿಸಿದಾಗ ಮೇಲುಜಾತಿಯ ಕ್ರೈಸ್ತರಲ್ಲಿ ಅನೇಕರು ಪ್ರತಿಭಟಿಸಿದರು. ಅಲ್ಲಿದ್ದವರೆಲ್ಲರೂ ಒಂದೇ ಸಿದ್ಧಾಂತದವರು, ಒಂದೇ ಕ್ರಮದವರು. ಆದರೂ ಪಂಕ್ತಿ ಒಂದಾಗಲಿಲ್ಲ. ಏನು, ಹೇಗೆ ಎಂಬೆರಡು ಪ್ರಶ್ನೆಗಳು ತೀರಿದ ಮೇಲೂ ಮೂರನೆಯದು ಉಳಿಯಬಹುದೆಂಬುದಕ್ಕೆ ಯೂರೋಪಿನ ಇತಿಹಾಸದಲ್ಲಿ ಕಾಣದಷ್ಟು ಸ್ಪಷ್ಟವಾದ ಪ್ರಮಾಣವಿದು. ಪಂಕ್ತಿಭೇದದ ಇತಿಹಾಸವುಳ್ಳ ನಾಡಿನ ವಿದ್ಯಾರ್ಥಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾದಾಗ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಒಂದುಗೂಡಿದವು. ಮೈಸೂರು ಸೀಮೆಯ ವೆಸ್ಲಿಯನ್ ಮಿಶನ್ನಿನ ಸಭೆಗಳೂ ಇದರಲ್ಲಿ ಸೇರಿದವು. ಮಂಡಿಯೂರಿ ಸ್ವೀಕರಿಸುವ ರೂಢಿಯವರೂ ಕುಳಿತು ಸ್ವೀಕರಿಸುವ ರೂಢಿಯವರೂ ಇದರೊಳಗಿದ್ದರು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಪ್ಪದ ಪೂಜಾಕ್ರಮವನ್ನು ಹೇರಲಾಗದೆಂಬ ವಚನವನ್ನು ಅದರ ಸಂವಿಧಾನದಲ್ಲಿ ಇರಿಸಲಾಯಿತು. ೧೯೫೦ರಲ್ಲಿ ಸಿದ್ಧವಾದ ಅದರ ಆರಾಧನಾಕ್ರಮಕ್ಕೆ ಕರ್ತನ ಭೋಜನವೆಂಬ ಹೆಸರನ್ನೂ ಪವಿತ್ರ ಸ್ತೋತ್ರಾರ್ಪಣೆಯೆಂಬ ಪುರಾತನ ಗ್ರೀಕ್ ಹೆಸರನ್ನೂ ಒಟ್ಟಿಗೆ ಇಟ್ಟರು. ಕಡೆಗೆ ೧೯೭೩ರ ಮಾರ್ಚ್ ೧೬ರಂದು ಯೂರೋಪಿನ ಲೂಥರನ್ ಮತ್ತು ಸುಧಾರಿತ ಸಭೆಗಳ ಪ್ರತಿನಿಧಿಗಳು ಬಾಸೆಲ್ಲಿಗೆ ಸಮೀಪದ ಲಾಯೆನ್‌ಬರ್ಗಿನಲ್ಲಿ ಒಂದು ಒಪ್ಪಂದವನ್ನು ಸಿದ್ಧಪಡಿಸಿದರು. ಹದಿನಾರನೆಯ ಶತಮಾನದ ಪರಸ್ಪರ ಖಂಡನೆಗಳು ಇಂದಿನ ಸಭೆಗಳಿಗೆ ಅನ್ವಯಿಸುವುದಿಲ್ಲವೆಂದು ಹೇಳಿ, ಅದಕ್ಕೆ ಸಮ್ಮತಿಸಿದ ಸಭೆಗಳ ನಡುವೆ ಉಪದೇಶಪೀಠವನ್ನೂ ಪ್ರಭುವಿನ ಮೇಜನ್ನೂ ಅದು ಪರಸ್ಪರ ತೆರೆದಿಟ್ಟಿತು. ಯಾವ ಸಭೆಯೂ ತನ್ನ ಹಳೆಯ ವಿಶ್ವಾಸಪ್ರಮಾಣವನ್ನು ಬಿಟ್ಟುಕೊಡಬೇಕಾಗಲಿಲ್ಲ. ಮಾರ್ಬರ್ಗಿನಲ್ಲಿ ಸದ್ಯಕ್ಕೆ ಎಂದು ಬರೆದ ಮಾತು ೪೪೪ ವರ್ಷ ನಡೆಯಿತು.

೭

ನಮ್ಮ ವಿಮರ್ಶೆಯ ಫಲವನ್ನು ಸಂಗ್ರಹಿಸಬಹುದು. ಒಂದು ಪದಕ್ಕಾಗಿ ಒಡೆದರೆಂಬ ವಿವರಣೆಯು ಹದಿನೈದನೆಯ ಅಂಶದ ಪಾಠಕ್ಕೆ ವಿರುದ್ಧವಾದುದು. ಸ್ಟುಟ್‌ಗಾರ್ಟ್ ಒಪ್ಪಂದದಿಂದಲೂ ಅದು ಬಾಧಿತವಾಗುತ್ತದೆ. ರಾಜಕೀಯದ ವಿವರಣೆಯು ಸತ್ಯದ ಒಂದಂಶ ಮಾತ್ರ. ಸಿದ್ಧಾಂತಭೇದವಿದ್ದವರು ಒಂದೇ ಪಂಕ್ತಿಯಲ್ಲಿ ಕುಳಿತುದುಂಟು. ಸಿದ್ಧಾಂತದಲ್ಲಿ ಒಂದಾದವರು ಬೇರೆಬೇರೆ ಪಂಕ್ತಿಯಲ್ಲಿ ಕುಳಿತುದೂ ಉಂಟು. ಆದುದರಿಂದ ಯಾರೊಡನೆ ಎಂಬ ಪ್ರಶ್ನೆಯನ್ನು ಏನು ಎಂಬ ಪ್ರಶ್ನೆಯ ಉಪಸಿದ್ಧಾಂತವೆಂದು ತಿಳಿಯದೆ, ಸ್ವತಂತ್ರವಾದ ಪ್ರಶ್ನೆಯೆಂದೇ ಇತಿಹಾಸಕಾರರು ಪರಿಶೀಲಿಸಬೇಕು.

ಇದರಿಂದ ಲೂಥರನು ತಪ್ಪಿದನೆಂದಾಗಲಿ ಜ್ವಿಂಗ್ಲಿಯು ಗೆದ್ದನೆಂದಾಗಲಿ ನಾವು ಹೇಳಿದಂತಾಗುವುದಿಲ್ಲ. ಸುಳ್ಳು ಒಮ್ಮತದ ಮೇಲೆ ಕಟ್ಟಿದ ಐಕ್ಯವು ಎಂಥ ಅನರ್ಥಕ್ಕೆ ಕಾರಣವಾಗಬಲ್ಲುದೆಂಬುದನ್ನು ಪ್ರಷ್ಯದ ಕಥೆಯು ತೋರಿಸಿದೆ. ಆ ಮಟ್ಟಿಗೆ ಲೂಥರನ ಶಂಕೆಗೆ ಆಧಾರವಿದ್ದಿತು. ಜ್ವಿಂಗ್ಲಿಯು ಮಾರ್ಬರ್ಗಿನಿಂದ ಹಿಂದಿರುಗಿದ ಎರಡು ವರ್ಷಗಳಲ್ಲಿ, ೧೫೩೧ರ ಅಕ್ಟೋಬರ್ ೧೧ರಂದು, ಕಾಪೆಲ್ ಯುದ್ಧದಲ್ಲಿ ಮಡಿದನು. ಮರುತಿಂಗಳಲ್ಲೇ ಇಕೊಲಂಪಾಡಿಯಸನೂ ತೀರಿಕೊಂಡನು. ಸಂವಾದವನ್ನು ಮುಂದುವರಿಸಬಹುದಾಗಿದ್ದವರಲ್ಲಿ ಇಬ್ಬರು ಹೀಗೆ ಬೇಗನೆ ಮರೆಯಾದರು. ಅವರು ಸಹಿಮಾಡಿದ ಪತ್ರವು ಉಳಿದಿದೆ. ವಿದ್ಯಾರ್ಥಿಗಳಿಗೆ ಮಾರ್ಬರ್ಗಿನ ಪಾಠವನ್ನು ಹೇಳುವವರು ಇನ್ನು ಮುಂದೆ ಸೀಮೆಸುಣ್ಣದ ಕಥೆಯ ಜೊತೆಗೆ ಆ ಪತ್ರದ ಹದಿನೈದನೆಯ ಅಂಶವನ್ನೂ ಕಡೆಯವರೆಗೆ ಓದಿಸಬೇಕೆಂಬುದು ನಮ್ಮ ಬಿನ್ನಹ.